ಇಪ್ಪತ್ತೆರಡು ಮೆಟ್ಟಿಲು

ಮಗಳಿಗೆ ಹನ್ನೆರಡು ತುಂಬಿದ ವರ್ಷ ಯುಗಾದಿಗೆ ಹೊಲಿಸಿದ ಲಂಗ ಗೌರಿ ಹಬ್ಬದ ಹೊತ್ತಿಗೆ ಕಣಕಾಲಿನಿಂದ ನಾಲ್ಕು ಬೆರಳು ಮೇಲೆ ಹೋಗಿತ್ತು. ಅತ್ತೆ ದೃಷ್ಟಿ ತೆಗೆದರು, ನಾನು ಹಿಗ್ಗಿದೆ. ಅದೇ ತಿಂಗಳು ಅವಳು ಮನೆಯ ಮುಂದಿನ ಮೂರು ಮೆಟ್ಟಿಲುಗಳ ಬಳಿ ವಾಕರ್ ನಿಲ್ಲಿಸಿ, "ಅಪ್ಪಾ, ಎತ್ತಿಕೋ" ಎಂದಳು. ಎರಡು ವರ್ಷಗಳಿಂದ ಕಂಬಿ ಹಿಡಿದು ತಾನೇ ಹತ್ತುತ್ತಿದ್ದ ಮೆಟ್ಟಿಲುಗಳು ಅವು. ಲಂಗ ಗಿಡ್ಡವಾದದ್ದಕ್ಕೂ ಮೆಟ್ಟಿಲು ಎತ್ತರವಾದದ್ದಕ್ಕೂ ನಂಟಿದೆ ಎಂದು ಪ್ರೌಢಶಾಲೆಯ ಗಣಿತದ ಮೇಷ್ಟ್ರಾದ ನನಗೆ ಹೊಳೆಯಲಿಲ್ಲ.

"ಕಾಯಿಲೆ ಹೆಚ್ಚಾಗಿದೆಯೇ ಡಾಕ್ಟರೇ?" ಎಂದು ಮೂಳೆ ವೈದ್ಯರನ್ನು ಕೇಳಿದೆ.

"ಇಲ್ಲ, ಮಗಳು ಉದ್ದವಾಗಿದ್ದಾಳೆ" ಎಂದರು.

ಮಗಳಿಗಿರುವುದು ಸೆರೆಬ್ರಲ್ ಪಾಲ್ಸಿ, ಮೆದುಳಿನ ಪೆಟ್ಟಿನಿಂದ ಮೈಚಲನೆಗೆ ಬರುವ ತೊಂದರೆ. ಮೆದುಳಿಗೆ ಆ ಪೆಟ್ಟು ಬೀಳುವುದು ಒಮ್ಮೆ, ಹುಟ್ಟುವ ಮುಂಚೆಯೋ ಹುಟ್ಟುವಾಗಲೋ ಎಳೆತನದಲ್ಲೋ. ಆ ಪೆಟ್ಟು ಮುಂದೆ ಬೆಳೆಯುವುದಿಲ್ಲ, ಬೆಳೆಯುವುದು ಮಗು. ಬಿಗಿದುಕೊಂಡಿರುವ ಸ್ನಾಯು ಮೂಳೆಯ ವೇಗಕ್ಕೆ ಉದ್ದವಾಗುವುದಿಲ್ಲ. ಹರೆಯದಲ್ಲಿ ಮೂಳೆ ದಾಪುಗಾಲು ಹಾಕುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ, ಮಂಡಿ ನೆಟ್ಟಗಾಗಲು ಒಪ್ಪುವುದಿಲ್ಲ. ಜೊತೆಗೆ ಮೈತೂಕವೂ ಏರುತ್ತದೆ. ಮೊದಲಿನಷ್ಟೇ ಬಲದ ಕಾಲು ಮೊದಲಿಗಿಂತ ಹೆಚ್ಚು ಭಾರವನ್ನು ಬಾಗಿದ ಮಂಡಿಯ ಮೇಲೆ ಹೊರಬೇಕು. ಇಷ್ಟನ್ನು ವೈದ್ಯರು ಔಷಧ ಚೀಟಿಯ ಹಿಂಬದಿಯಲ್ಲಿ ಎರಡು ಗೆರೆ ಎಳೆದು ತೋರಿಸಿದರು. ಕೊನೆಯಲ್ಲಿ ಹೇಳಿದ ಮಾತು ಮಾತ್ರ ನನ್ನ ತಲೆಯಲ್ಲಿ ಮೊಳೆಯಂತೆ ಕೂತಿತು: "ಈಗ ಚಟುವಟಿಕೆ ನಿಲ್ಲಿಸಿದರೆ ಇರುವುದೂ ಹೋಗುತ್ತದೆ."

ಹೆದರಿದ ಮೇಷ್ಟ್ರು ಏನು ಮಾಡುತ್ತಾನೆ? ವೇಳಾಪಟ್ಟಿ ಹಾಕುತ್ತಾನೆ. ಶಾಲೆಯಲ್ಲಿ ಉಳಿದಿದ್ದ ಒಂದು ಖಾಲಿ ಹಾಜರಿ ಪುಸ್ತಕ ತಂದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ಅಂಗವಿಕಲ ಮಕ್ಕಳಿಗೂ ಇದು ಅನ್ವಯ ಎಂದಿದೆ. ಆ ಅರವತ್ತನ್ನು ನಾನು ಬಲವಾಗಿ ಹಿಡಿದುಕೊಂಡೆ. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ತೊಡೆಯ ಹಿಂಭಾಗ ಎಳೆಯುವುದು, ಮೀನಖಂಡ ಎಳೆಯುವುದು, ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದು ಇಪ್ಪತ್ತು ಸಲ. ಹಾಜರಿಗೆ ಓರೆಗೆರೆ, ತಪ್ಪಿದ ದಿನಕ್ಕೆ 'ಗೈ'. ಒಬ್ಬಳೇ ವಿದ್ಯಾರ್ಥಿನಿ ಇರುವ ತರಗತಿ.

ನಾಲ್ಕು ತಿಂಗಳು ನಡೆಯಿತು. ಐದನೆಯ ತಿಂಗಳ ಪುಟ ತೆರೆದರೆ ಅಷ್ಟೂ ದಿನಗಳಿಗೆ ಮುಂಗಡವಾಗಿ 'ಗೈ' ಎಂದು ಬರೆದಿತ್ತು, ಮಗಳ ದುಂಡನೆಯ ಅಕ್ಷರದಲ್ಲಿ. ಷರಾ ಕಾಲಂನಲ್ಲಿ, "ವಿದ್ಯಾರ್ಥಿನಿ ಶಾಲೆ ಬಿಟ್ಟಿದ್ದಾಳೆ. ವರ್ಗಾವಣೆ ಪತ್ರ ಕೊಡಿ."

ನಾನು ಕೂಗಾಡಿದೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. "ನೀವು ಅವಳನ್ನು ಮುಟ್ಟುವುದೇ ಕಾಲು ಎಳೆಯುವುದಕ್ಕೆ ಎಂಬಂತಾಗಿದೆ" ಎಂದಳು ಹೆಂಡತಿ, ಸೊಪ್ಪು ಬಿಡಿಸುತ್ತ, ತಲೆಯೆತ್ತದೆ.

ಅಲ್ಲಿಗೆ ಬೇರೆ ದಾರಿ ಹುಡುಕಲೇಬೇಕಾಯಿತು. ಅವಳು ಚಿಕ್ಕವಳಿದ್ದಾಗ ನಾವೂ ಎಲ್ಲರಂತೆ ಥೆರಪಿ ಕೇಂದ್ರಗಳಿಗಾಗಿ ಇಂದಿರಾನಗರ, ಲಿಂಗರಾಜಪುರ ಎಂದು ಅಲೆದವರೇ. ಹನುಮಂತನಗರದಿಂದ ಊರಿನ ಆ ತುದಿಗೆ ಮುಕ್ಕಾಲು ಗಂಟೆಯ ವ್ಯಾಯಾಮಕ್ಕಾಗಿ ಹೋಗಿಬರಲು ಮೂರು ಗಂಟೆ. ಐದು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟೊದಲ್ಲಿ ಹೋಗಬಹುದು, ಹದಿಮೂರರ ಹುಡುಗಿ ಶಾಲೆ ಮುಗಿಸಿ ಆ ದಟ್ಟಣೆಯಲ್ಲಿ ಹೋಗಿ ಬರುವುದರಲ್ಲೇ ಬಸವಳಿಯುತ್ತಾಳೆ. ಬೆಂಗಳೂರಿನಲ್ಲಿ ಚಟುವಟಿಕೆ ಬಹುಕಾಲ ಉಳಿಯಬೇಕಾದರೆ ಅದು ಮನೆಯಿಂದ ಹದಿನೈದು ನಿಮಿಷದೊಳಗೆ ಇರಬೇಕು ಎಂಬುದು ನನ್ನ ಲೆಕ್ಕ. ಇದನ್ನು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ.

ಹತ್ತಿರದಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು, ಬೆರಳು ತೋರಿಸಿ ಮಾತಾಡುವ ಹೆಂಗಸು. ಹಾಜರಿ ಪುಸ್ತಕ ತೋರಿಸಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. "ಮೇಷ್ಟ್ರೇ, ಬರೀ ಕಾಲು ಎಳೆದು ಹಿಡಿಯುವುದರಿಂದ ಅಷ್ಟೊಂದು ಲಾಭವಿಲ್ಲ. ಬಲ ಬರಬೇಕು, ದಮ್ಮು ಬರಬೇಕು. ನೀವು ಹಿಡಿದುಕೊಂಡಿರುವ 60 ನಿಮಿಷದ ಮಾರ್ಗಸೂಚಿಯಲ್ಲೇ ಇನ್ನೊಂದು ಸಾಲಿದೆ: ಏನೂ ಮಾಡದಿರುವುದಕ್ಕಿಂತ ಒಂದಿಷ್ಟು ಮಾಡುವುದು ಮೇಲು, ಸ್ವಲ್ಪದಿಂದ ಶುರುಮಾಡಿ ಹೆಚ್ಚಿಸುತ್ತ ಹೋಗಿ ಎಂದು. ಅದನ್ನು ಓದಲಿಲ್ಲವೇ?" ಎಂದರು. ಓದಿದ್ದೆ, ಅಂಕ ಇಲ್ಲದ ಸಾಲು ಎಂದು ಬಿಟ್ಟಿದ್ದೆ. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಮಗಳ ಜೊತೆ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದಿರಿ ಎಂದರೆ ಇಬ್ಬರೂ ಹೇಳಲಿಲ್ಲ.

ಮೊದಲು ಈಜು ನೋಡಿದೆವು. ನೀರು ಮೈಭಾರವನ್ನು ಹೊರುತ್ತದೆ, ನೆಲದ ಮೇಲೆ ಆಗದ ಚಲನೆ ಅಲ್ಲಿ ಆಗುತ್ತದೆ. ನಮ್ಮದೇ ಊರಿನ ನಿರಂಜನ್ ಮುಕುಂದನ್ ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿ, ಚಿಕಿತ್ಸೆಗೆಂದು ಬಾಲ್ಯದಲ್ಲಿ ನೀರಿಗಿಳಿದು ಪ್ಯಾರಾಲಿಂಪಿಕ್ಸ್ ತನಕ ಈಜಿದವರು. ಮಗಳಿಗೆ ಅವರ ವಿಡಿಯೊ ತೋರಿಸಿದೆ. ಅವಳು ಪದಕ ನೋಡಲಿಲ್ಲ, ಈಜುಕೊಳ ನೋಡಿದಳು. "ಅಷ್ಟು ನೀಲಿ ನೀರು ನಮ್ಮ ಕಡೆ ಎಲ್ಲಿದೆ?" ಎಂದಳು.

ಒಂದು ಕೊಳದವರು ವಾಕರ್ ನೋಡಿದವರೇ "ಜವಾಬ್ದಾರಿ ಯಾರದು ಸಾರ್?" ಎಂದು ಕೈಯಾಡಿಸಿದರು. ಇನ್ನೊಂದು ಕಡೆ ಸೇರಿಸಿಕೊಂಡರು. ತರಬೇತುದಾರ ಹುಡುಗ ಚಿನ್ನದಂಥವನು. ಆದರೆ ಡಿಸೆಂಬರಿನ ಬೆಳಗಿನ ನೀರಿಗೆ ಅವಳ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡವು. ಚಳಿಗೆ ಬಿಗಿತ ಹೆಚ್ಚುತ್ತದೆ ಎಂಬುದು ಕೊಳಕ್ಕೆ ಇಳಿಸಿದ ಮೇಲೆ ನೆನಪಾಯಿತು. ಮಾರ್ಚ್ ಬರುವ ತನಕ ಕಾದೆವು. ಮಾರ್ಚಿನಲ್ಲಿ ಎರಡು ವಾರ ಚೆನ್ನಾಗಿ ಹೋಯಿತು. ಅವಳನ್ನು ನಿಲ್ಲಿಸಿದ್ದು ನೀರಲ್ಲ, ಬಟ್ಟೆ ಬದಲಿಸುವ ಕೋಣೆ. ಒದ್ದೆ ಟೈಲ್ಸ್, ಹಿಡಿಯಲು ಒಂದು ಕಂಬಿಯಿಲ್ಲ, ಕೂರಲು ಒಂದು ಸ್ಟೂಲಿಲ್ಲ. ಹೆಂಗಸರ ಕೋಣೆಗೆ ನಾನು ಹೋಗುವಂತಿಲ್ಲ. ಹೆಂಡತಿ ಬೆಳಗಿನ ಪಾಳಿಗೆ ಕೆಲಸಕ್ಕೆ ಹೋಗುವ ವಾರ ಈಜು ಇಲ್ಲ, ತಿಂಗಳಲ್ಲಿ ಮುಟ್ಟಿನ ನಾಲ್ಕು ದಿನ ಇಲ್ಲ, ಅತ್ತೆಗೆ ಸೊಂಟ ಹಿಡಿದರೆ ಇಲ್ಲ. ಗಂಡುಮಕ್ಕಳ ಅಪ್ಪಂದಿರು ಈಜನ್ನು ಕೊಂಡಾಡುವಾಗ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಪಾರ್ಕಿನ ಕಥೆ ಚಿಕ್ಕದು. ದ್ವಿಚಕ್ರ ವಾಹನ ನುಗ್ಗದಿರಲೆಂದು ಗೇಟಿನಲ್ಲಿ ಅಡ್ಡಾದಿಡ್ಡಿ ಪೈಪು ನೆಟ್ಟಿದ್ದಾರೆ, ವಾಕರ್ ನುಗ್ಗುವುದಿಲ್ಲ. ಕಸದ ಗಾಡಿಗೆಂದು ಇರುವ ದೊಡ್ಡ ಗೇಟಿನ ಬೀಗವನ್ನು ಮಾಲಿ ತೆಗೆದುಕೊಡುತ್ತಿದ್ದ. ಒಳಗೆ ಹೋದರೆ ವಾಕಿಂಗ್ ಬಂದ ಹಿರಿಯರ ಸಲಹೆಗಳು: ಎಳ್ಳೆಣ್ಣೆ, ಕೇರಳ, ಯಾವುದೋ ದೇವಸ್ಥಾನ. ಒಬ್ಬರು "ಹುಟ್ಟಿನಿಂದಲೇ ಹೀಗೆಯೇನಮ್ಮ?" ಎಂದು ಕೇಳಿದ್ದಕ್ಕೆ ಮಗಳು, "ಹೌದು ತಾತ, ನೀವೂ ಹುಟ್ಟಿನಿಂದಲೇ ಹೀಗೆಯೇ?" ಎಂದಳು. ನಾನು ಗದರಿದೆ. ಮನೆಗೆ ಬಂದು ಹೆಂಡತಿಯ ಜೊತೆ ಸೇರಿ ನಕ್ಕೆ. ಮಾಲಿಗೆ ವರ್ಗವಾದ ಮೇಲೆ ಆ ಬೀಗ ತೆರೆಯಲಿಲ್ಲ.

ಇಲ್ಲಿ ನನ್ನದೇ ಒಂದು ಬಾಕಿಯನ್ನು ಹೇಳಬೇಕು. ಶಾಲೆಯಲ್ಲಿ ಆಟದ ಅವಧಿಗೆ ಅವಳನ್ನು ಮರದ ನೆರಳಲ್ಲಿ ಕೂರಿಸುತ್ತಾರೆ ಎಂದು ತಿಳಿದು ಕೆಂಡಾಮಂಡಲವಾಗಿ ಹೊರಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಆಟೋಟದ ಅವಕಾಶವನ್ನೂ ಎಲ್ಲರಿಗೆ ಸಮನಾಗಿ ಕೊಡಬೇಕು ಎನ್ನುತ್ತದೆ, ಅದರ ಪ್ರತಿ ಕೈಯಲ್ಲಿತ್ತು. ದಾರಿಯಲ್ಲಿ ನನ್ನ ಶಾಲೆಯ ಒಬ್ಬ ಹುಡುಗ ನೆನಪಾದ, ಕಾಲಿಗೆ ಪೋಲಿಯೊ ಆಗಿದ್ದವನು. ಅವನನ್ನು ಮೂರು ವರ್ಷ ಆಟದ ಅವಧಿಯಲ್ಲಿ ಎಲ್ಲರ ಬ್ಯಾಗು, ನೀರಿನ ಬಾಟಲಿ ಕಾಯಲು ಕೂರಿಸಿದವನು ನಾನು. ಒಳ್ಳೆಯ ಹುಡುಗ, ಜವಾಬ್ದಾರಿಯುಳ್ಳವನು ಎಂದು ಪೋಷಕರ ಸಭೆಯಲ್ಲಿ ಹೊಗಳಿದ್ದೆ ಕೂಡ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕಾಯ್ದೆ ಓದಿದೆನಾದರೂ ದನಿ ಏರಲಿಲ್ಲ. ಅವರು ಅವಳನ್ನು ಥ್ರೋಬಾಲಿನ ಅಂಕ ಬರೆಯಲು ಹಾಕಿದರು, ಅಷ್ಟೇ.

ಬೋಚಾ ಎಂಬ ಆಟದ ಹೆಸರು ಕೇಳಿದ್ದು ಫಿಸಿಯೋ ಮೇಡಂ ಬಾಯಿಂದ. ಸೆರೆಬ್ರಲ್ ಪಾಲ್ಸಿ ಇರುವವರಿಗೆಂದೇ ರೂಪುಗೊಂಡ ಆಟ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಬಿಳಿ ಚೆಂಡೊಂದನ್ನು ಮೊದಲು ಎಸೆಯಬೇಕು. ಆರು ಕೆಂಪು, ಆರು ನೀಲಿ ಚೆಂಡುಗಳಲ್ಲಿ ಬಿಳಿಗೆ ಯಾರದು ಹತ್ತಿರವೋ ಅವರಿಗೆ ಅಂಕ. ನಮ್ಮ ಗೋಲಿ, ಲಗೋರಿ ಆಡಿದವರಿಗೆ ಎರಡು ನಿಮಿಷದಲ್ಲಿ ಹತ್ತುತ್ತದೆ. ಸಾಮಾನಿನ ಬೆಲೆ ಕೇಳಿ ಸುಮ್ಮನಾದೆ. ನಿಯಮದ ಪ್ರಕಾರ ಚೆಂಡಿನ ತೂಕ 275 ಗ್ರಾಂ, ಸುತ್ತಳತೆ 270 ಮಿಲಿಮೀಟರ್. ಹಳೆಯ ಕಾಲುಚೀಲಕ್ಕೆ ಅಕ್ಕಿ, ಮರಳು, ಹೆಸರುಕಾಳು ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ರಾಗಿ ತುಂಬಿದಾಗ ತೂಕಕ್ಕೆ ಸುತ್ತಳತೆ ಹೆಚ್ಚುಕಡಿಮೆ ಸರಿಹೋಯಿತು. ಹದಿಮೂರು ಚೆಂಡಿಗೆ ಮೂರೂವರೆ ಕಿಲೊಗಿಂತ ತುಸು ಹೆಚ್ಚು ರಾಗಿ. "ಮುದ್ದೆಗೆ ಇಟ್ಟಿದ್ದ ರಾಗಿಯನ್ನು ಕಾಲುಚೀಲಕ್ಕೆ ತುಂಬಿದ ಅಳಿಯ ಭೂಮಿಯ ಮೇಲೆ ನೀವೊಬ್ಬರೇ" ಎಂದರು ಅತ್ತೆ.

ಅಂಕಣ ಹನ್ನೆರಡೂವರೆ ಮೀಟರ್ ಉದ್ದ, ಆರು ಮೀಟರ್ ಅಗಲ. ನಮ್ಮದು ಮೂವತ್ತು ನಲವತ್ತರ ಸೈಟು, ನಲವತ್ತು ಅಡಿ ಎಂದರೆ ಹನ್ನೆರಡು ಮೀಟರ್ ಚಿಲ್ಲರೆ. ಅದರಲ್ಲಿ ನೀರಿನ ಟ್ಯಾಂಕು, ಸೋಲಾರ್, ಬಟ್ಟೆ ಒಣಹಾಕುವ ತಂತಿ ಎಲ್ಲ ಕಳೆದು ತಾರಸಿಯ ಮೇಲೆ ಎಂಟು ಮೀಟರಿನ ಅಂಕಣ ಸುಣ್ಣದಲ್ಲಿ ಬರೆದೆ. ಹತ್ತಿ ಇಳಿಯುವುದು ಹೇಗೆ ಎಂಬುದು ಬರೆದಾದ ಮೇಲೆ ತಲೆಗೆ ಬಂತು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಹನ್ನೊಂದಕ್ಕೆ ಒಂದು ತಿರುವಿನ ಕಟ್ಟೆ.

"ನಾನು ಎತ್ತಿಕೊಂಡು ಹೋಗುತ್ತೇನೆ" ಎಂದೆ.

"ಬೇಡ. ಆಟಗಾರರನ್ನು ಎತ್ತಿಕೊಂಡು ಹೋಗುವುದಿಲ್ಲ" ಎಂದಳು.

ಬಲಗೈ ಕಂಬಿಯ ಮೇಲೆ, ಎಡಗೈ ನನ್ನ ಹೆಗಲ ಮೇಲೆ. ಒಂದು ಮೆಟ್ಟಿಲಿಗೆ ಎರಡೂ ಪಾದ ಬಂದ ಮೇಲೆ ಮುಂದಿನದು. ಮೊದಲ ದಿನ ಹದಿನಾರು ನಿಮಿಷ ಹಿಡಿಯಿತು. ತಿರುವಿನ ಕಟ್ಟೆಯಲ್ಲಿ ಕೂತು ನೀರು ಕುಡಿದಳು. ಇಳಿಯುವಾಗ ಕೂತುಕೊಂಡೇ ಜಾರಿದಳು. ತಾರಸಿಯ ಮೇಲೆ ಅವಳ ಹಳೆಯ ವಾಕರ್ ಇಟ್ಟೆವು, ಕೈಯಿಲ್ಲದ ಒಂದು ಸ್ಟೂಲ್ ಹಾಕಿದೆವು. ಒರಗಿಕೊಳ್ಳಲು ಏನೂ ಇಲ್ಲದೆ ಕೂತು ಎಸೆಯಬೇಕಾದರೆ ಬೆನ್ನು ಹೊಟ್ಟೆಗಳೆರಡೂ ಕೆಲಸ ಮಾಡುತ್ತವೆ. ಆಟಕ್ಕೆ ಏದುಸಿರು ಬರುವುದಿಲ್ಲ, ಮೆಟ್ಟಿಲಿಗೆ ಬರುತ್ತದೆ. ಕುರ್ಚಿಯಿಂದ ಇಪ್ಪತ್ತು ಸಲ ಎದ್ದು ಕೂರಲು ಒಲ್ಲೆ ಎಂದವಳು ಚೆಂಡು ಎಲ್ಲಿ ಬಿತ್ತೆಂದು ನೋಡಲು ಸ್ಟೂಲಿನಿಂದ ಎಷ್ಟು ಸಲ ಎದ್ದಳೋ, ನಾನು ಎಣಿಸುತ್ತಿರುವುದು ಅವಳಿಗೆ ಗೊತ್ತಾಗಬಾರದೆಂದು ಬಾಯಲ್ಲೇ ಎಣಿಸಿದೆ. ಮೂವತ್ತೊಂದು.

ಒಂದು ತಿಂಗಳೊಳಗೆ ಎದುರು ಮನೆಯ ಅಕ್ಕ ತಮ್ಮ, ಹಿಂದಿನ ಬೀದಿಯ ಇಬ್ಬರು, ಮೈಸೂರಿನಿಂದ ರಜೆಗೆ ಬಂದ ಅವಳ ಚಿಕ್ಕಮ್ಮನ ಮಗ ಎಲ್ಲ ತಾರಸಿಯಲ್ಲಿ. ನಿಲ್ಲಬಲ್ಲವರೂ ಕೂತೇ ಎಸೆಯಬೇಕು ಎಂಬುದು ಅವಳು ಮಾಡಿದ ನಿಯಮ. ಗೆಲ್ಲುತ್ತಿದ್ದವಳು ಹೆಚ್ಚಾಗಿ ಅವಳೇ. ರಾಗಿ ಸೋರುತ್ತಿತ್ತು, ಪಾರಿವಾಳಗಳು ಕಾಯುತ್ತಿದ್ದವು, ಭಾನುವಾರ ಕಾಲುಚೀಲ ಹೊಲಿಯುವ ಕೆಲಸ ನನ್ನದು. ಹದಿನಾರು ನಿಮಿಷದ ಮೆಟ್ಟಿಲು ಏಳಕ್ಕೆ ಬಂತು, ಆಮೇಲೆ ಐದಕ್ಕೆ. ಆಗ ಹಾಜರಿ ಪುಸ್ತಕ ಅಟ್ಟದಲ್ಲಿತ್ತು, ಆದರೂ ಆ ಅಂಕಿಗಳನ್ನು ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಟ್ಟಾಗಿ ಬರೆದಿಟ್ಟಿದ್ದೇನೆ. ಚಾಳಿ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಹದಿನಾಲ್ಕರಲ್ಲಿ ಮೀನಖಂಡಕ್ಕೆ ಸ್ನಾಯುವಿನ ಬಿಗಿತ ಸಡಿಲಿಸುವ ಬೋಟಾಕ್ಸ್ ಚುಚ್ಚುಮದ್ದು ಕೊಟ್ಟು ಪ್ಲಾಸ್ಟರ್ ಹಾಕಿದರು. ಮದ್ದಿನ ಪರಿಣಾಮ ಇರುವುದು ಮೂರ್ನಾಲ್ಕು ತಿಂಗಳು, ಅಷ್ಟರೊಳಗೆ ಬಲ ಕೂಡಿಸಿಕೊಳ್ಳಬೇಕು. ಪ್ಲಾಸ್ಟರ್ ತೆಗೆದ ದಿನ ಅವಳ ಕಾಲು ನುಗ್ಗೆಕಾಯಿಯಂತಿತ್ತು. ತಾರಸಿಗೆ ಹೋಗೋಣ ಎಂದು ಹೊರಟು ಆರನೇ ಮೆಟ್ಟಿಲಿನಲ್ಲಿ ಅತ್ತಳು. ನೋವಿಗಲ್ಲ, ಐದು ನಿಮಿಷದವಳು ಆರು ಮೆಟ್ಟಿಲಿಗೆ ಇಳಿದೆನಲ್ಲ ಎಂದು. ಮೇಡಂ ಆಗ ಕೊಟ್ಟ ಸೂತ್ರವನ್ನು ಇವತ್ತಿಗೂ ಪಾಲಿಸುತ್ತೇವೆ: ನಿಂತು ಹೋದ ಮೇಲೆ ನಿಂತಲ್ಲಿಂದ ಶುರುಮಾಡಬಾರದು, ಅರ್ಧದಿಂದ ಶುರುಮಾಡಬೇಕು, ವಾರಕ್ಕೆ ಎರಡೇ ದಿನ. ಹನ್ನೊಂದು ಮೆಟ್ಟಿಲು ಹತ್ತಿ ಕಟ್ಟೆಯಲ್ಲಿ ಕೂತು ಇಳಿದು ಬಾ. ಎರಡು ವಾರ ಅದೇ.

ಮುಂದಿನ ಅಡ್ಡಗಾಲು ಎಸ್ಸೆಸ್ಸೆಲ್ಸಿ. ನಾನೇ ಮೇಷ್ಟ್ರಾಗಿ ಆಟವನ್ನು ನಿಲ್ಲಿಸಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿದೆ. ಅದೊಂದು ವರ, ಆದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾದಾಗ ಅವಳ ಮಂಡಿ ಅಷ್ಟೂ ಹೊತ್ತು ಮಡಚಿಯೇ ಇರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಓದುವ ರಜೆಯಲ್ಲಂತೂ ದಿನವಿಡೀ ಕೂತೇ. ಪೂರ್ವಸಿದ್ಧತಾ ಪರೀಕ್ಷೆ ಮುಗಿಸಿ ಏಳಲಾಗದೆ ಕೊಠಡಿಯಲ್ಲೇ ಉಳಿದಳು. ಆಮೇಲೆ ಹೆಂಡತಿ ದಾರಿ ಕಂಡುಕೊಂಡಳು: ಅಡುಗೆಮನೆಯ ಕಟ್ಟೆಗೆ ಎದೆ ಆನಿಸಿ, ಕಾಲನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿಕೊಂಡು, ನಿಂತು ಓದುವುದು. ಒಗ್ಗರಣೆಯ ಹೊಗೆಯಲ್ಲಿ ಇಪ್ಪತ್ತು ನಿಮಿಷ ಸಮಾಜ ವಿಜ್ಞಾನ. ಪುಸ್ತಕದಲ್ಲಿ ಇವತ್ತಿಗೂ ಅರಿಶಿನದ ಕಲೆಯಿದೆ.

ಈಗ ಅವಳಿಗೆ ಹದಿನೇಳು, ಪಿಯುಸಿ. ಜಯನಗರದ ಕಾಲೇಜನ್ನು ಆರಿಸಿದ್ದು ಲಿಫ್ಟ್ ನೋಡಿಕೊಂಡು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊದಲ್ಲಿ ಮೂರನೆಯ ನಿಲ್ದಾಣ. ಆದರೆ ಮನೆಯಿಂದ ನಿಲ್ದಾಣದ ತನಕದ ಬೀದಿಗಳೆಲ್ಲ ಏರಿಳಿತ, ಹನುಮಂತನಗರವೇ ಗುಡ್ಡದ ಊರು, ಇಳಿಜಾರಿನಲ್ಲಿ ಗಾಲಿಯ ವಾಕರ್ ಮುಂದೆ ಎಳೆಯುತ್ತದೆ. ಅಲ್ಲಿಗೆ ಆಟೊ. ನಿಲ್ದಾಣದಿಂದಾಚೆಗೂ ಕಾಲೇಜಿನೊಳಗೂ ಗಾಲಿಕುರ್ಚಿ ಬೇಕು ಎಂದಳು.

ಈ ಮಾತಿಗೆ ನಾನು ಒಂದು ವಾರ ಒಪ್ಪಲಿಲ್ಲ. ಹದಿನೇಳು ವರ್ಷ ನಡೆಸಲು ಒದ್ದಾಡಿ ಈಗ ಕುರ್ಚಿಯೇ? ಮೇಡಂ ಒಂದು ಹಾಳೆ ಓದಲು ಕೊಟ್ಟರು. ಈ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ವಿಂಗಡಿಸುವ ಪದ್ಧತಿಯೊಂದಿದೆ, ಕೆನಡಾದಲ್ಲಿ 1997ರಲ್ಲಿ ಬಂದದ್ದು, ಜಿಎಂಎಫ್‌ಸಿಎಸ್ ಎನ್ನುತ್ತಾರೆ. 2007ರಲ್ಲಿ ಅದಕ್ಕೆ 12ರಿಂದ 18ರ ವಯಸ್ಸಿನವರ ವಿವರಣೆಯನ್ನು ಸೇರಿಸಿದರು. ಮಗಳದು ಮೂರನೇ ಹಂತ, ಕೈಯಲ್ಲಿ ಹಿಡಿಯುವ ಆಸರೆಯೊಂದಿಗೆ ನಡೆಯುವವರು. ಶಾಲೆಯಲ್ಲಿ ಇವರು ಗಾಲಿಕುರ್ಚಿ ಬಳಸಬಹುದು ಎಂದು ಅದರಲ್ಲೇ ಬರೆದಿದೆ. ಹೇಗೆ ಓಡಾಡುವುದು ಎಂಬುದು ಜಾಗ, ದೂರ ಮತ್ತು ಅವರವರ ಇಷ್ಟವನ್ನು ಅವಲಂಬಿಸುತ್ತದೆ ಎಂದೂ ಇದೆ. ನಾನು ಹತ್ತು ಹೆಜ್ಜೆಗೆ ಖರ್ಚು ಮಾಡುವ ಶಕ್ತಿಯ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಅವಳಿಗೆ ಬೇಕು. "ಕಾಲೇಜಿನ ಕಾರಿಡಾರಿನಲ್ಲಿ ಎಲ್ಲವನ್ನೂ ಸುರಿದು ಬಂದರೆ ಸಂಜೆ ತಾರಸಿಗೆ ಏನು ಉಳಿಯುತ್ತದೆ ಅಪ್ಪಾ?" ಎಂದು ಕೇಳಿದಳು. ಗಣಿತದ ಪ್ರಶ್ನೆ. ಕುರ್ಚಿ ಬಂತು. ಅದನ್ನು ಅವಳೇ ತಳ್ಳಿಕೊಳ್ಳುತ್ತಾಳೆ. ತೋಳು ನನ್ನದಕ್ಕಿಂತ ಗಟ್ಟಿಯಾಗಿದೆ. ಹಿಂದಿನಿಂದ ಯಾರಾದರೂ ಕೇಳದೆ ತಳ್ಳಿದರೆ ಬ್ರೇಕ್ ಹಾಕುತ್ತಾಳೆ.

ಹಾಜರಿ ಪುಸ್ತಕವನ್ನು ಅವಳೇ ಅಟ್ಟದಿಂದ ಇಳಿಸಿಕೊಂಡಿದ್ದಾಳೆ. ಅದರಲ್ಲಿ ಈಗ ಏನು ಬರೆಯುತ್ತಾಳೆ ಎಂದು ನಾನು ನೋಡುವಂತಿಲ್ಲ. ಒಮ್ಮೆ ಕಣ್ಣಿಗೆ ಬಿದ್ದದ್ದು: ಮಾರ್ಚ್‌ನಲ್ಲಿ ಹತ್ತೊಂಬತ್ತು ಓರೆಗೆರೆ, ಏಪ್ರಿಲ್‌ನಲ್ಲಿ ನಾಲ್ಕು, ಮೇನಲ್ಲಿ ಇಪ್ಪತ್ತೆರಡು. ನನ್ನ ಕಾಲದ ಪುಟಗಳಲ್ಲಿ ಏಪ್ರಿಲ್‌ನಂಥ ತಿಂಗಳು ಬಂದಿದ್ದರೆ ಮನೆಯಲ್ಲಿ ರಾಮಾಯಣವಾಗುತ್ತಿತ್ತು.

ಈಗ ಮಳೆ. ಮೂರು ವಾರಗಳಿಂದ ತಾರಸಿಯಲ್ಲಿ ಪಾಚಿ, ಕಾಲಿಟ್ಟರೆ ಜಾರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದೆ, ಮರುದಿನವೇ ಮತ್ತೆ ಸುರಿಯಿತು. ನೆನೆದ ಎರಡು ಚೆಂಡುಗಳಲ್ಲಿ ರಾಗಿ ಮೊಳಕೆಯೊಡೆದು ಕಾಲುಚೀಲದ ಹೊರಗೆ ಬಂದಿದೆ. ನಾಳೆ ಮತ್ತೆ ಶುರು, ಸೂತ್ರದಂತೆ ಅರ್ಧದಿಂದ, ಹನ್ನೊಂದು ಮೆಟ್ಟಿಲು. ಮೇಲೆ ಹೋಗುವಂತಿಲ್ಲವಲ್ಲ, ಕಟ್ಟೆಯ ತನಕ ಹತ್ತಿ ಸುಮ್ಮನೆ ಏನು ಮಾಡುತ್ತೀಯ, ಅಷ್ಟು ಜಾಗದಲ್ಲಿ ಬೋಚಾ ಆಗುವುದಿಲ್ಲ ಎಂದೆ.

"ಚೌಕಾಬಾರ ಆಗುತ್ತದೆ" ಎಂದಳು.

ಕವಡೆ ಎಲ್ಲಿಟ್ಟಿದ್ದೇವೋ ಹುಡುಕಬೇಕು.